ಮಗಳು ಎಂಟೂವರೆಗೇ ದೊಡ್ಡವಳಾಗ್ತಿದ್ದಾಳೆ, ಮುಂದೆ ಮನಸ್ಸಿಗೆ ತೊಂದರೆ ಆಗುತ್ತಾ?

ಚಿತ್ರಾನ್ನ_ಪ್ರಿಯೆ · ಭಾನುವಾರ ರಾತ್ರಿ 11:48

ಎಲ್ಲರಿಗೂ ನಮಸ್ಕಾರ. ನಾನು ಅಡುಗೆ ವಿಭಾಗ ಬಿಟ್ಟು ಆಚೆ ಬಂದವಳಲ್ಲ. ಇವತ್ತು ನಿದ್ದೆ ಬರ್ತಿಲ್ಲ, ಅದಕ್ಕೆ ಇಲ್ಲಿ ಬರೀತಿದ್ದೀನಿ.

ಮಗಳಿಗೆ ಎಂಟು ವರ್ಷ ಏಳು ತಿಂಗಳು, ಮೂರನೇ ಕ್ಲಾಸು. ಹೋದ ತಿಂಗಳು ಎಣ್ಣೆ ಹಚ್ಚಿ ನೀರು ಹಾಕುವಾಗ "ಅಮ್ಮಾ, ಅಲ್ಲಿ ಮುಟ್ಟಬೇಡ, ನೋಯುತ್ತೆ" ಅಂದಳು. ನೋಡಿದರೆ ಎಡಗಡೆ ಎದೆಯಲ್ಲಿ ಕಡಲೆಕಾಳಿನಷ್ಟು ಗಟ್ಟಿ. ಒಂದೇ ಕಡೆ. ನನಗೆ ಕೈಕಾಲು ತಣ್ಣಗಾಗಿ ಹೋಯ್ತು, ಗಡ್ಡೆಯೇ ಅಂದುಕೊಂಡೆ. ಅವಳ ಎದುರಿಗೆ ಏನೂ ಆಗಿಲ್ಲ ಅನ್ನೋ ಹಾಗೆ ಚೊಂಬಿನಲ್ಲಿ ನೀರು ಹಾಕ್ತಾ ಇದ್ದೆ, ಎಷ್ಟು ಚೊಂಬು ಹಾಕಿದೆನೋ ಗೊತ್ತಿಲ್ಲ. "ಸಾಕಮ್ಮಾ, ಚಳಿ" ಅಂದಾಗಲೇ ನಿಲ್ಲಿಸಿದ್ದು.

ಡಾಕ್ಟರು ನೋಡಿ ಗಡ್ಡೆ ಅಲ್ಲ, ಎದೆ ಮೂಡ್ತಿದೆ, ಮೊದಲು ಒಂದೇ ಕಡೆ ಬರೋದು ಮಾಮೂಲಿ ಅಂದರು. ಎಡಗೈ ಎಕ್ಸ್‌ರೇ ತೆಗೆಸಿದರು. ಮೂಳೆಗೆ ಹತ್ತು ವರ್ಷ ಆಗಿದೆಯಂತೆ. ಈಗ ಔಷಧ ಬೇಡ, ಮೂರು ತಿಂಗಳು ಬಿಟ್ಟು ಬನ್ನಿ ಅಂತ ಕಳಿಸಿದರು.

ಮನೆಗೆ ಬಂದಾಗಿನಿಂದ ನಮ್ಮತ್ತೆ ಶುರು ಮಾಡಿದ್ದಾರೆ. ಇನ್ನು ಕೆಳಗೆ ಪಾರ್ಕಿಂಗ್‌ನಲ್ಲಿ ಗಂಡುಹುಡುಗರ ಜೊತೆ ಆಟ ಬೇಡ, ಫ್ರಾಕ್ ಬೇಡ, ಅಪ್ಪನ ಪಕ್ಕ ಮಲಗೋದು ಬೇಡ. ತುಮಕೂರಿನಲ್ಲಿರುವ ನನ್ನಣ್ಣನಿಗೆ ಫೋನ್ ಮಾಡಿ "ಸೋದರಮಾವ ತಯಾರಾಗಿರಪ್ಪ" ಅಂತಲೂ ಹೇಳಿಬಿಟ್ಟಿದ್ದಾರೆ. ಇನ್ನೂ ಮುಟ್ಟೇ ಆಗಿಲ್ಲ ಮಗುಗೆ!

ರಾತ್ರಿ ಮೊಬೈಲ್‌ನಲ್ಲಿ ಹುಡುಕಿದೆ. ಬೇಗ ಮೈನೆರೆದ ಹುಡುಗಿಯರಿಗೆ ಮುಂದೆ ಖಿನ್ನತೆ, ಆತಂಕ, ಊಟದ ಕಾಯಿಲೆ, ಇನ್ನೂ ಏನೇನೋ ಜಾಸ್ತಿ ಅಂತ ಸಾಲುಸಾಲಾಗಿ ಬಂತು. ನಿಜವಾ? ಇಂಜೆಕ್ಷನ್ ಕೊಡಿಸಿ ನಿಲ್ಲಿಸಿಬಿಟ್ಟರೆ ಮನಸ್ಸೂ ಸರಿ ಇರುತ್ತಾ? ಗೊತ್ತಿರೋರು ದಯವಿಟ್ಟು ಹೇಳಿ. ಹೆದರಿಸಬೇಡಿ.


ಹಸಿರು_ಬಳೆ · ಸೋಮವಾರ ಬೆಳಗ್ಗೆ 6:20

ಮೊದಲು ಬಾಯ್ಲರ್ ಕೋಳಿ, ಪ್ಯಾಕೆಟ್ ಹಾಲು ಎರಡೂ ನಿಲ್ಲಿಸಿ. ಎಲ್ಲಾ ಹಾರ್ಮೋನ್ ಇಂಜೆಕ್ಷನ್ ಮಹಿಮೆ. ನಮ್ಮ ಕಾಲದಲ್ಲಿ ಹದಿನಾಲ್ಕು ಹದಿನೈದಕ್ಕೆ ಮುಂಚೆ ಯಾರಾಗ್ತಿದ್ದರು?


ಕೋಳಿಫಾರಂ_ಗೌಡ · ಸೋಮವಾರ ಬೆಳಗ್ಗೆ 7:05

ಬಂತಪ್ಪಾ ಕೋಳಿ ಮೇಲೆ!

ಅಕ್ಕಾ, ದೊಡ್ಡಬಳ್ಳಾಪುರದ ಹತ್ರ ನಂದು ಆರು ಸಾವಿರ ಕೋಳಿ ಶೆಡ್ಡು. ಕೋಳಿಗೆ ದಿನಾ ಸೂಜಿ ಚುಚ್ಚಬೇಕು ಅಂದ್ರೆ ಆರು ಸಾವಿರ ಕೋಳಿ ಹಿಡಿಯೋಕೆ ಎಷ್ಟು ಆಳು ಬೇಕು, ಕೂಲಿ ಎಷ್ಟು, ಲೆಕ್ಕ ಹಾಕಿ. ಅಷ್ಟು ದುಡ್ಡಿದ್ರೆ ನಾನು ಕೋಳಿ ಸಾಕ್ತಾ ಇರ್ತಿರಲಿಲ್ಲ. 40 ದಿನಕ್ಕೆ 2 ಕೆ.ಜಿ. ಬರೋದು ತಳಿ ಆರಿಸಿ ಆರಿಸಿ ಮಾಡಿರೋದ್ರಿಂದ, ಜೊತೆಗೆ ಮೆಕ್ಕೆಜೋಳ ಸೋಯಾ ಫೀಡಿಂದ. ಆಂಟಿಬಯೋಟಿಕ್ ಬಗ್ಗೆ ಬೈಯಿರಿ, ಒಪ್ಕೋತೀನಿ, ಅಲ್ಲಿ ನಮ್ಮೋರು ತಪ್ಪು ಮಾಡ್ತಾರೆ. ಹಾರ್ಮೋನ್ ಕಥೆ ಮಾತ್ರ ಬೇಡ. ಆ ಮಗು ಕೋಳಿ ತಿನ್ನುತ್ತೋ ಇಲ್ವೋ ಅಂತಲೂ ಯಾರೂ ಕೇಳಿಲ್ಲ.


ಚಿತ್ರಾನ್ನ_ಪ್ರಿಯೆ · ಸೋಮವಾರ ಬೆಳಗ್ಗೆ 7:31

ನಾವು ಮೊಟ್ಟೆ ಕೂಡ ತಿನ್ನಲ್ಲ 🙂


ಮಕ್ಕಳ_ಡಾಕ್ಟ್ರು · ಸೋಮವಾರ ಮಧ್ಯಾಹ್ನ 2:15

ಗೌಡ್ರ ಲೆಕ್ಕ ಸರಿ ಇದೆ. ಹಾಲಿನ ವಿಷಯವೂ ಅಷ್ಟೆ. ಕೆಲವರು ಎಮ್ಮೆ ಸೊರೆ ಬಿಡಲಿ ಅಂತ ಕದ್ದು ಚುಚ್ಚುವುದು ಆಕ್ಸಿಟೋಸಿನ್. ಅದು ಲೈಂಗಿಕ ಹಾರ್ಮೋನೇ ಅಲ್ಲ, ಹೊಟ್ಟೆಗೆ ಹೋದರೆ ಜೀರ್ಣವಾಗಿ ಹೋಗುತ್ತದೆ. ಚುಚ್ಚುವುದು ಎಮ್ಮೆಗೆ ಹಿಂಸೆ, ಅದು ಬೇರೆ ಮಾತು.

ನಾನು ಶಿವಮೊಗ್ಗದಲ್ಲಿ ಮಕ್ಕಳ ವೈದ್ಯ. ನಿಮ್ಮ ಮಗುವನ್ನು ನೋಡದೆ ಚಿಕಿತ್ಸೆ ಹೇಳುವುದಿಲ್ಲ, ಸಾಮಾನ್ಯವಾಗಿ ಹೇಳುತ್ತೇನೆ.

ಹೆಣ್ಣುಮಕ್ಕಳಲ್ಲಿ 8 ತುಂಬುವ ಮೊದಲು, ಗಂಡುಮಕ್ಕಳಲ್ಲಿ 9 ತುಂಬುವ ಮೊದಲು ಶುರುವಾದರೆ ನಾವು ಅಕಾಲ ಪ್ರೌಢತೆ ಅನ್ನುತ್ತೇವೆ. ನಿಮ್ಮ ಮಗಳು ಆ ಗೆರೆ ದಾಟಿದ್ದಾಳೆ. ಬೇಗ, ಆದರೆ ರೋಗ ಅಲ್ಲ. ಹುಡುಗಿಯರಲ್ಲಿ ಬಹುಪಾಲು ಕೇಸಿಗೆ ಇಂಥದ್ದೇ ಅಂತ ಕಾರಣ ಸಿಗುವುದಿಲ್ಲ. ಹುಡುಗರಲ್ಲಿ ಆದರೆ ಸುಮ್ಮನೆ ಬಿಡುವ ಹಾಗಿಲ್ಲ, ಮಿದುಳಿನ ಸ್ಕ್ಯಾನ್ ಮಾಡಿಸಿ ಹುಡುಕಲೇಬೇಕು. ಆರು ವರ್ಷದೊಳಗಿನ ಹುಡುಗಿಯರಿಗೂ ಹಾಗೇ.

ಇದನ್ನೆಲ್ಲ ಶುರು ಮಾಡುವುದು ಮಿದುಳಿನೊಳಗಿನ ಹೈಪೋಥಲಾಮಸ್. ಮಗು ಹುಟ್ಟಿದ ಮೊದಲ ಕೆಲವು ತಿಂಗಳು ಅದು ಎಚ್ಚರವಾಗಿರುತ್ತದೆ, ಆಮೇಲೆ ವರ್ಷಗಟ್ಟಲೆ ಮಲಗುತ್ತದೆ, ಮತ್ತೆ ಏಳುತ್ತದೆ. ಎದ್ದ ಮೇಲೆ ಎದೆ ಮೂಡುವುದಕ್ಕೂ ಮೊದಲ ಮುಟ್ಟಿಗೂ ನಡುವೆ ಸುಮಾರು ಎರಡರಿಂದ ಎರಡೂವರೆ ವರ್ಷ. ಹಾಗಾಗಿ ಸೋದರಮಾವನಿಗೆ ಇನ್ನೂ ಬೇಕಾದಷ್ಟು ಸಮಯವಿದೆ ಅಂತ ಅತ್ತೆಯವರಿಗೆ ಹೇಳಿ.

ಕಾಲ ಮುಂದಕ್ಕೆ ಬಂದಿರುವುದು ನಿಜ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ 2020ರಲ್ಲಿ ಬಂದ ಒಂದು ವಿಶ್ಲೇಷಣೆ, 1977ರಿಂದ 2013ರ ನಡುವೆ ಎದೆ ಮೂಡುವ ವಯಸ್ಸು ಹತ್ತು ವರ್ಷಕ್ಕೆ ಸುಮಾರು ಮೂರು ತಿಂಗಳಂತೆ ಹಿಂದೆ ಸರಿದಿದೆ ಅಂತ ಹೇಳಿತು. ಮೈಯ ಕೊಬ್ಬು ಜಾಸ್ತಿಯಾಗಿರುವುದು ಒಂದು ಮುಖ್ಯ ಕಾರಣ. ಪ್ಲಾಸ್ಟಿಕ್‌ನ ರಾಸಾಯನಿಕಗಳ ಮೇಲೆ ಅನುಮಾನವಿದೆ, ತೀರ್ಪು ಬಂದಿಲ್ಲ. 2020ರ ಲಾಕ್‌ಡೌನ್ ಆದಮೇಲೆ ಇಟಲಿಯಲ್ಲೂ ನಮ್ಮ ಪುಣೆಯಲ್ಲೂ ಇಂಥ ಮಕ್ಕಳು ಇದ್ದಕ್ಕಿದ್ದಂತೆ ಹೆಚ್ಚಾಗಿ ಬಂದರು ಅಂತ ವೈದ್ಯರು ವರದಿ ಮಾಡಿದ್ದಾರೆ. ನನ್ನ ಕ್ಲಿನಿಕ್ಕಿನ ಬೆಂಚಿನಲ್ಲೂ ಅದು ಕಾಣುತ್ತಿತ್ತು.

ಇಂಜೆಕ್ಷನ್ ವಿಷಯ. ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಕೊಡುವ ಲ್ಯುಪ್ರೊಲೈಡ್ ಮುಖ್ಯವಾಗಿ ಎತ್ತರ ಉಳಿಸಲು. ಮೂಳೆ ಬೇಗ ಬಲಿತು ಅದರ ಬೆಳೆಯುವ ತುದಿ ಮುಚ್ಚಿಕೊಂಡರೆ ಮಗು ಕುಳ್ಳಾಗಿ ಉಳಿಯುತ್ತದೆ. ಆರರೊಳಗೆ ಶುರುವಾದವರಿಗೆ ಒಳ್ಳೆಯ ಲಾಭ, ಎಂಟು ದಾಟಿದ ಮೇಲೆ ಲಾಭ ತೀರಾ ಕಡಿಮೆ. ಖಿನ್ನತೆ ತಡೆಯುವ ಲಸಿಕೆ ಅಂತ ಇದನ್ನು ಯಾರೂ ಕೊಡುವುದಿಲ್ಲ. ಮೂರು ತಿಂಗಳು ಬಿಟ್ಟು ಬನ್ನಿ ಅಂದ ವೈದ್ಯರು ಸರಿಯಾಗಿಯೇ ಹೇಳಿದ್ದಾರೆ. ಅಷ್ಟರೊಳಗೆ ಎತ್ತರ ಗೋಡೆಯ ಮೇಲೆ ಗುರುತು ಹಾಕಿಡಿ, ಅಷ್ಟು ಸಾಕು.

ಮನಸ್ಸಿನ ವಿಷಯ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ.


ಅಂಕಿ_ಅಂಶ · ಸೋಮವಾರ ರಾತ್ರಿ 9:40

ಡಾಕ್ಟ್ರು ನನ್ನ ಕಡೆಗೇ ಕೈ ತೋರಿಸಿದರು ಅಂದುಕೊಂಡು ಬರೀತೀನಿ. ಮನಃಶಾಸ್ತ್ರದಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ, ಹದಿಹರೆಯದವರೇ ನನ್ನ ವಿಷಯ.

ಸಂಬಂಧ ಇದೆಯಾ? ಇದೆ. ಅದರಲ್ಲಿ ಅನುಮಾನ ಉಳಿದಿಲ್ಲ. ಚಿಕ್ಕ ವಯಸ್ಸಿನಲ್ಲಿ ಹುಡುಗ ಹುಡುಗಿಯರಲ್ಲಿ ಖಿನ್ನತೆ ಹೆಚ್ಚುಕಮ್ಮಿ ಒಂದೇ ಸಮ. ಪ್ರೌಢರಾಗುವ ಹೊತ್ತಿಗೆ ಹುಡುಗಿಯರಲ್ಲಿ ಏರಲು ಶುರುವಾಗಿ, ಕೊನೆಗೆ ಹುಡುಗರ ಎರಡರಷ್ಟಾಗುತ್ತೆ. ಅದರಲ್ಲೂ ಓರಗೆಯವರಿಗಿಂತ ಮೊದಲೇ ದೊಡ್ಡವರಾದವರಲ್ಲಿ ಇನ್ನಷ್ಟು.

ಹದಿನಾರು ಹದಿನೇಳಕ್ಕೆ ಎಲ್ಲ ಸರಿಹೋಗುತ್ತೆ, ಉಳಿದವರೂ ದೊಡ್ಡವರಾಗ್ತಾರಲ್ಲ ಅಂತ ಮೊದಲು ಅಂದುಕೊಂಡಿದ್ದರು. 2018ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಜೇನ್ ಮೆಂಡಲ್ ಮತ್ತು ಸಂಗಡಿಗರು ಅಮೆರಿಕದ 7,802 ಹೆಂಗಸರ ಮಾಹಿತಿ ತೆಗೆದು ನೋಡಿದರು. ಹದಿಹರೆಯದಿಂದ ಹಿಡಿದು ಸುಮಾರು 14 ವರ್ಷ ಹಿಂಬಾಲಿಸಿದ ಮಾಹಿತಿ ಅದು. ಬೇಗ ಮುಟ್ಟಾದವರಲ್ಲಿ ಇಪ್ಪತ್ತರ ಕೊನೆಯಲ್ಲೂ ಖಿನ್ನತೆಯ ಲಕ್ಷಣ ಹೆಚ್ಚಿತ್ತು. ಗಮನಿಸಿ: ಇಪ್ಪತ್ತೆಂಟಕ್ಕೆ ಹೊಸದಾಗಿ ಹುಟ್ಟಿದ ಖಿನ್ನತೆ ಅಲ್ಲ ಅದು. ಹದಿಹರೆಯದಲ್ಲಿ ಶುರುವಾಗಿದ್ದು ಕರಗದೆ ಹಾಗೇ ಉಳಿದಿದ್ದು. ಈ ವ್ಯತ್ಯಾಸದ ಮೇಲೇ ಎಲ್ಲ ನಿಂತಿದೆ. ಆಗ ಹಿಡಿದರೆ ಆಗಲೇ ಬಿಡಿಸಬಹುದು ಅಂತ ತಾನೆ ಅರ್ಥ?

ಇವೆಲ್ಲ ಸಾವಿರಾರು ಜನರ ಸರಾಸರಿ. ಬೇಗ ದೊಡ್ಡವರಾದ ಬಹುಪಾಲು ಹುಡುಗಿಯರು ಚೆನ್ನಾಗಿಯೇ ಇದ್ದಾರೆ. ರಾತ್ರಿ ಹನ್ನೆರಡಕ್ಕೆ ಮೊಬೈಲ್ ಅದನ್ನು ಹೇಳಲ್ಲ.

ಇನ್ನು, ಯಾಕೆ ಹೀಗೆ? ಹಲವು ವಿವರಣೆ ಇವೆ, ನನಗೆ ಅತಿ ಹೆಚ್ಚು ಯೋಚನೆಗೆ ಹಚ್ಚಿದ್ದು ನ್ಯೂಜಿಲೆಂಡಿನ ಡುನೆಡಿನ್ ಊರಿನದು. 1972-73ರಲ್ಲಿ ಅಲ್ಲಿ ಹುಟ್ಟಿದ ಸುಮಾರು ಸಾವಿರ ಮಕ್ಕಳನ್ನು ಇವತ್ತಿಗೂ ಹಿಂಬಾಲಿಸ್ತಿದ್ದಾರೆ. ಕ್ಯಾಸ್ಪಿ, ಮೊಫಿಟ್ ಮತ್ತು ಸಂಗಡಿಗರು 1993ರಲ್ಲಿ ಅದರಲ್ಲಿನ ಹುಡುಗಿಯರನ್ನು ಶಾಲೆವಾರು ವಿಂಗಡಿಸಿ ನೋಡಿದರು. ಬೇಗ ಮೈನೆರೆದು ಹಾದಿ ತಪ್ಪುವುದು ಕಂಡದ್ದು ಹುಡುಗ ಹುಡುಗಿಯರು ಒಟ್ಟಿಗೆ ಓದುವ ಶಾಲೆಗಳಲ್ಲಿ. ಬರೀ ಹುಡುಗಿಯರ ಶಾಲೆಯಲ್ಲಿ ಅಷ್ಟಿಲ್ಲ. ದೇಹ ಅದೇ, ವಯಸ್ಸು ಅದೇ, ಹಾರ್ಮೋನೂ ಅದೇ. ಸುತ್ತ ಇರುವವರು ಮಾತ್ರ ಬೇರೆ.

ಅದೇ ಗುಂಪಿನ ಇನ್ನೊಂದು ಮಾತು: ಬೇಗ ಮೈನೆರೆಯೋದು ಇಲ್ಲದ ತೊಂದರೆಯನ್ನು ಹೊಸದಾಗಿ ತರೋದಕ್ಕಿಂತ, ಮೊದಲೇ ಇರೋ ತೊಂದರೆಯನ್ನು ದೊಡ್ಡದು ಮಾಡುತ್ತೆ. ಅಂಜುಬುರುಕಿ ಇನ್ನಷ್ಟು ಅಂಜುತ್ತಾಳೆ, ಗಟ್ಟಿಗಿತ್ತಿ ಹೇಗೋ ದಾಟ್ತಾಳೆ. ನಿಮ್ಮ ಮಗಳು ಹೇಗೆ?


ಚಿತ್ರಾನ್ನ_ಪ್ರಿಯೆ · ಸೋಮವಾರ ರಾತ್ರಿ 10:02

ಅಂಜುಬುರುಕಿ ಅಲ್ಲ. ಎರಡನೇ ಮಹಡಿ ಹುಡುಗನ ಹಲ್ಲು ಅಲ್ಲಾಡ್ತಿದ್ದಾಗ ದಾರ ಕಟ್ಟಿ ಕಿತ್ತವಳೇ ಇವಳು.


ಸರೋಜತ್ತೆ · ಸೋಮವಾರ ರಾತ್ರಿ 10:15

ಅಂಕಿ ಅಂಶದವರೇ, ನೀವು ಹೇಳಿದ್ದನ್ನೇ ಅವಳ ಅತ್ತೆಯೂ ಹೇಳಿದ್ದು. ಗಂಡುಹುಡುಗರ ಜೊತೆ ಬೇಡ ಅಂತ. ನ್ಯೂಜಿಲೆಂಡಿನವರು ಹೇಳಿದರೆ ಸಂಶೋಧನೆ, ಅತ್ತೆ ಹೇಳಿದರೆ ಕಾಟ?


ಅಂಕಿ_ಅಂಶ · ಸೋಮವಾರ ರಾತ್ರಿ 10:33

ಅತ್ತೆ, ಏಟು ಸರಿಯಾಗಿ ಬಿತ್ತು 😄 ಆದರೆ ಅಲ್ಲಿದ್ದಿದ್ದು ಹದಿಮೂರರ ಹುಡುಗಿಯರು, ಹೈಸ್ಕೂಲು, ತಮಗಿಂತ ದೊಡ್ಡ ಹುಡುಗರು. ಇಲ್ಲಿರೋದು ಪಾರ್ಕಿಂಗ್‌ನಲ್ಲಿ ಲಗೋರಿ ಆಡೋ ಮೂರನೇ ಕ್ಲಾಸಿನ ಮಕ್ಕಳು. ಇವಳ ಹಳೇ ಗೆಳೆಯರನ್ನೇ ಕಿತ್ತುಕೊಂಡರೆ ಇವಳು ಯಾರ ಜೊತೆ ಸೇರ್ತಾಳೆ?


ಸ್ಟಾಕ್‌ಹೋಮ್_ಸುಬ್ಬಿ · ಮಂಗಳವಾರ ಬೆಳಗ್ಗೆ 11:10

ಆ ಕೊನೇ ಪ್ರಶ್ನೆಗೆ ಇಲ್ಲಿ ಸ್ವೀಡನ್ನಿನಲ್ಲಿ ಉತ್ತರ ಸಿಕ್ಕಿತ್ತು. ಓರೆಬ್ರೂ ಅಂತ ಒಂದು ಊರಿದೆ. ಅಲ್ಲಿನ ಶಾಲಾ ಮಕ್ಕಳನ್ನು 1960ರ ದಶಕದಿಂದ ವರ್ಷಗಟ್ಟಲೆ ಹಿಂಬಾಲಿಸಿ, ಸ್ಟಾಟಿನ್ ಮತ್ತು ಮ್ಯಾಗ್ನುಸನ್ ಅನ್ನೋರು 1990ರಲ್ಲಿ ಪುಸ್ತಕವನ್ನೇ ಬರೆದರು. 11 ತುಂಬುವ ಮೊದಲೇ ಮುಟ್ಟಾದ ಹುಡುಗಿಯರು ಹದಿನಾಲ್ಕಕ್ಕೆ ಹೆಚ್ಚು ಕುಡಿಯುತ್ತಿದ್ದರು, ಶಾಲೆ ತಪ್ಪಿಸುತ್ತಿದ್ದರು. ಯಾಕೆ ಅಂತ ಬಿಡಿಸಿ ನೋಡಿದರೆ, ತಮಗಿಂತ ದೊಡ್ಡ ವಯಸ್ಸಿನವರ ಗೆಳೆತನ ಇದ್ದವರಷ್ಟೇ ಹಾಗೆ. ಓರಗೆಯ ಗೆಳತಿಯರ ಜೊತೆಗೇ ಇದ್ದವರಿಗೆ ಬೇರೆ ಹುಡುಗಿಯರಿಗಿಂತ ಹೆಚ್ಚಿನ ತೊಂದರೆ ಇರಲಿಲ್ಲ. ಇಪ್ಪತ್ತೈದರ ಹೊತ್ತಿಗೆ ಕುಡಿತದ ವ್ಯತ್ಯಾಸ ಅಳಿಸಿಹೋಗಿತ್ತು. ಅಳಿಸದೆ ಉಳಿದದ್ದು ಓದು. ಅವರು ಕಡಿಮೆ ಓದಿದ್ದರು.

ಇನ್ನೊಂದು, ಇದು ನಮ್ಮವರದ್ದೇ. ಭಾರತದಿಂದ ಸ್ವೀಡನ್ನಿಗೆ ದತ್ತು ಬಂದ 107 ಹುಡುಗಿಯರ ಬಗ್ಗೆ 1991ರಲ್ಲಿ ಒಂದು ಅಧ್ಯಯನ ಬಂತು. ಅರ್ಧದಷ್ಟು ಮಕ್ಕಳು ಹನ್ನೊಂದೂವರೆಗೆಲ್ಲ ಮುಟ್ಟಾಗಿದ್ದರು. ಎಲ್ಲರಿಗಿಂತ ಬೇಗ ಆದವಳಿಗೆ ಏಳು ವರ್ಷ ಚಿಲ್ಲರೆ. ಅನಾಥಾಲಯದಲ್ಲಿ ಹಸಿದು ಕೃಶವಾಗಿದ್ದ ಮಗು ಇಲ್ಲಿ ಬಂದು ಹೊಟ್ಟೆ ತುಂಬಾ ತಿಂದು ಸರಸರ ಬೆಳೆದಾಗ ದೇಹ ಗಾಬರಿಯಾದ ಹಾಗೆ ಅದೂ ಬೇಗ ಬಂದುಬಿಡುತ್ತೆ. ನಮ್ಮ ಕನ್ನಡ ಸಂಘದಲ್ಲಿ ಹಾಗೆ ಬಂದ ಒಬ್ಬ ಹೆಂಗಸು ಇದ್ದಾರೆ. ಯುಗಾದಿಗೆ ಬಂದು ಒಬ್ಬಟ್ಟು ತಿನ್ನುತ್ತಾರೆ, ಕನ್ನಡ ಬರಲ್ಲ. "ನನಗೆ ಎಂಟು ವರ್ಷಕ್ಕೆ ಆದಾಗ ಕ್ಲಾಸಿನಲ್ಲಿ ನಾನೊಬ್ಬಳೇ ಕಪ್ಪು, ನಾನೊಬ್ಬಳೇ ದೊಡ್ಡವಳು. ಯಾವುದಕ್ಕೆ ನೋಡ್ತಿದ್ದಾರೆ ಅಂತಲೇ ಗೊತ್ತಾಗ್ತಿರಲಿಲ್ಲ" ಅಂದಿದ್ದರು.


ದಾವಣಗೆರೆ_ಬೆಣ್ಣೆ · ಮಂಗಳವಾರ ಮಧ್ಯಾಹ್ನ 3:50

ಬರೀಬೇಕೋ ಬೇಡವೋ ಅಂತ ಎರಡು ದಿನ ನೋಡಿದೆ. ಬರೀತೀನಿ.

ನಾನು ಆದದ್ದು ನಾಲ್ಕನೇ ಕ್ಲಾಸಲ್ಲಿ, ಒಂಬತ್ತು ತುಂಬಿ ಐದು ತಿಂಗಳಿಗೆ. ಈಗ 34. ಆಗ ಏನೂ ಗೊತ್ತಿರಲಿಲ್ಲ. ಬೆಂಚಿನ ಮೊಳೆ ತಾಗಿ ರಕ್ತ ಬಂದಿದೆ ಅಂದುಕೊಂಡು ಮೊಳೆ ಹುಡುಕಿದ್ದೆ.

ಮನೆಯಲ್ಲಿ ಹಿತ್ತಲ ಕಡೆ ಸೋದರಮಾವ ಹಸಿ ಸೊಪ್ಪಿನ ಗುಡ್ಲು ಹಾಕಿದ. ಬೇರೆ ತಟ್ಟೆ, ಬೇರೆ ಲೋಟ, ಬೇರೆ ಚಾಪೆ. ಕೊಬ್ಬರಿ ಬೆಲ್ಲ, ಎಳ್ಳಿನ ಚಿಗಳಿ ತಿನ್ನಿಸಿದ್ದೇ ತಿನ್ನಿಸಿದ್ದು. ಆರತಿ ದಿನ ನನಗಿಂತ ಉದ್ದದ ಸೀರೆ ಉಡಿಸಿ ಹಸೆ ಮೇಲೆ ಕೂರಿಸಿದರು. ನಾನು ಸೀರೆ ನೆರಿಗೆಯೊಳಗೆ ಚೌಕಾಬಾರದ ನಾಲ್ಕು ಕವಡೆ ಸಿಕ್ಕಿಸಿಕೊಂಡಿದ್ದೆ. ಹೆಂಗಸರು ಹಾಡು ಹೇಳ್ತಾ ಅಕ್ಷತೆ ಹಾಕುವಾಗ ಬೆರಳಲ್ಲಿ ಅವನ್ನು ಎಣಿಸ್ತಾ ಇದ್ದೆ. ಎದ್ದ ತಕ್ಷಣ ಪಕ್ಕದ್ಮನೆ ಜಗಲಿಗೆ ಓಡಬೇಕು ಅಂತ. ಎದ್ದ ಮೇಲೆ ಜಗಲಿಗೆ ಹೋಗುವ ಹಾಗಿಲ್ಲ ಅಂತ ಗೊತ್ತಾಯ್ತು. ಆ ಕವಡೆ ಆಮೇಲೆ ಏನಾದವೋ.

ಅದಾದ ಮೇಲೆ ಎಲ್ಲರೂ ನನ್ನ ಜೊತೆ ಮಾತಾಡೋ ರೀತಿನೇ ಬದಲಾಯ್ತು. ಅಪ್ಪ ಹೆಗಲ ಮೇಲೆ ಕೈ ಹಾಕೋದು ನಿಲ್ಲಿಸಿದ. ಯಾಕೆ ಅಂತ ಯಾರೂ ಹೇಳಲಿಲ್ಲ, ನಾನೇನೋ ತಪ್ಪು ಮಾಡಿದೀನಿ ಅಂದುಕೊಂಡೆ. ಒಂದು ಮದುವೆ ಮನೆಯಲ್ಲಿ ಒಬ್ಬರು "ಯಾವ ಕಾಲೇಜು, ಪಿಯುಸಿನಾ?" ಅಂತ ಕೇಳಿದರು. ಐದನೇ ಕ್ಲಾಸು ಅಂದೆ. ಅವರು ನಕ್ಕ ರೀತಿ ಇವತ್ತಿಗೂ ನೆನಪಿದೆ. ಅವತ್ತಿಂದ ಬ್ಯಾಗನ್ನು ಬೆನ್ನಿಗಲ್ಲ, ಎದೆಗೆ ಅವುಚಿಕೊಂಡು ನಡೆಯೋಕೆ ಶುರು ಮಾಡಿದೆ. ಬೆನ್ನು ಬಾಗಿದ್ದು ಹಾಗೇ ಉಳೀತು.

ಪಿಯುಸಿಯಲ್ಲಿ ಮಂಕಾದೆ. 26ಕ್ಕೆ ಮೊದಲ ಸಲ ಮಾನಸಿಕ ವೈದ್ಯರ ಹತ್ತಿರ ಹೋದೆ, ಮಾತ್ರೆ ತಗೊಂಡೆ, ಈಗ ಚೆನ್ನಾಗಿದ್ದೀನಿ. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಪ್ರಮಾಣ ಮಾಡಿ ಹೇಳಲಾರೆ. ನಮ್ಮಮ್ಮನಿಗೂ ಖಿನ್ನತೆ ಇತ್ತು. ಆದರೆ ಒಂಬತ್ತು ವರ್ಷ ಐದು ತಿಂಗಳಿಗೆ ನನ್ನ ಬಾಲ್ಯ ಮುಗಿಸಿದ್ದು ಹಾರ್ಮೋನ್ ಅಲ್ಲ. ಅದನ್ನು ನಾನು ನೋಡಿದ್ದೀನಿ.


ಸರೋಜತ್ತೆ · ಮಂಗಳವಾರ ಸಂಜೆ 5:30

ದಾವಣಗೆರೆ ಮಗಳೇ, ನಿನ್ನದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನನಗೀಗ 68. ನಾನು ಹದಿನೈದಕ್ಕೆ ಆದೆ. ನಮ್ಮಮ್ಮ ಆರು ತಿಂಗಳು ಯಾರಿಗೂ ಹೇಳಲಿಲ್ಲ, ಹೇಳಿದರೆ ಗಂಡು ನೋಡೋಕೆ ಶುರು ಮಾಡ್ತಾರೆ, ಎಸ್ಸೆಸ್ಸೆಲ್ಸಿ ಮುಗಿಯಲಿ ಅಂತ. ಹಳೇ ಪಂಚೆ ಹರಿದು ಕೊಟ್ಟಿದ್ದಳು. ಒಗೆದು ಯಾರಿಗೂ ಕಾಣದ ಹಾಗೆ ಸೌದೆ ಕೊಟ್ಟಿಗೆಯಲ್ಲಿ ಒಣಗಿಸ್ತಿದ್ದೆ. ನನಗೆ ಆರತಿ ಆಗಲಿಲ್ಲ ಅನ್ನೋ ಕೊರಗು ಬಹಳ ವರ್ಷ ಇತ್ತು. ಅಕ್ಕನಿಗೆ ಆಗಿತ್ತು, ಹಸಿರು ಸೀರೆ, ದಂಡೆ ಹೂವು, ಊರಿನ ಹೆಂಗಸರೆಲ್ಲ ಅವಳನ್ನೇ ನೋಡೋರು. ಆರತಿ ಅಂದರೆ ಎಲ್ಲರಿಗೂ ಹಿಂಸೆ ಅಂತ ಬರೆಯಬೇಡಿ. ಹದಿನಾಲ್ಕು ಹದಿನೈದರ ಹುಡುಗಿಗೆ ಅದು ಸಂಭ್ರಮ.

ಆದರೆ ಒಂಬತ್ತರ ಕೂಸಿಗೆ ಮಾಡೋದು ನೋಡಿದರೆ ನಮ್ಮಮ್ಮನಿಗೂ ಕೋಪ ಬರ್ತಿತ್ತು. ಅತ್ತೆಗೆ ಹೇಳು ಚಿತ್ರಾನ್ನ, ಮಗು ಹದಿಮೂರಾಗಲಿ, ಆಗ ಅವಳು ಬೇಕು ಅಂದರೆ ಮಾಡೋಣ ಅಂತ. ಇಲ್ಲ ಅನ್ನಬೇಡ, ಮುಂದೂಡು. ನಮ್ಮ ವಯಸ್ಸಿನವರಿಗೆ ಇಲ್ಲ ಅಂದರೆ ಹಟ ಬರುತ್ತೆ.


ದಾವಣಗೆರೆ_ಬೆಣ್ಣೆ · ಮಂಗಳವಾರ ಸಂಜೆ 5:41

ಸರೋಜತ್ತೆ ❤️ ಸೌದೆ ಕೊಟ್ಟಿಗೆ ನಮ್ಮಜ್ಜಿ ಬಾಯಲ್ಲೂ ಕೇಳಿದ್ದೆ.


ಧಾರವಾಡದ_ಟೀಚರ್ · ಮಂಗಳವಾರ ರಾತ್ರಿ 8:25

ನಮ್ಮ ಕಡೆನೂ ಇದ ಕತಿ. ದೊಡ್ಡಾಕಿ ಆದ್ಳು ಅಂದ್ರ ಮುಗೀತು, ಊರಿಗೆಲ್ಲಾ ಸುದ್ದಿ. ಈಗಂತೂ ಬಸ್‌ಸ್ಟ್ಯಾಂಡಿನ್ಯಾಗ ಫ್ಲೆಕ್ಸ್ ಹಾಕಸ್ತಾರ, ಹುಡುಗಿ ಫೋಟೋ ಸಮೇತ. ಮರುದಿವ್ಸ ಆಕಿ ಸಾಲಿಗೆ ಹೆಂಗ ಬರಬೇಕು ಹೇಳ್ರಿ?

ನಾ ಸರಕಾರಿ ಹಿರಿಯ ಪ್ರಾಥಮಿಕ ಸಾಲಿಯೊಳಗ ಹತ್ತೊಂಬತ್ತ ವರ್ಷದಿಂದ ಅದೀನಿ. ಮೊದಲ ಏಳನೇತ್ತದ ಹುಡುಗ್ಯಾರಿಗೆ ಆಗೂದು. ಈಗ ನಾಕನೇತ್ತದಾಕಿ ಬಂದು ನನ್ನ ಸೆರಗ ಜಗ್ಗತಾಳ. ನಮ್ಮ ಶುಚಿ ಯೋಜನೆ ಪ್ಯಾಡ್ ಅದಾವಲ್ಲ, ಅವು ಹತ್ತು ವರ್ಷ ಮ್ಯಾಲಿನವರ ಲೆಕ್ಕಕ್ಕ. ನಾಕನೇತ್ತದವರ ಹೆಸರ ಯಾದಿಯೊಳಗ ಬರಂಗಿಲ್ಲ. ಪಾಠ ಬರೂದು ಹೈಸ್ಕೂಲಿನ್ಯಾಗ. ಅಂದ್ರ ಪಾಠಕ್ಕಿಂತ ಮೂರ್ನಾಕ ವರ್ಷ ಮೊದಲ ಮೈ ಬಂದು ನಿಂತಿರತೈತಿ.

ನಾ ಏನ ಮಾಡೀನಿ ಅಂದ್ರ, ಕಪಾಟಿನ್ಯಾಗ ಒಂದು ಹಳೇ ಬಿಸ್ಕೀಟ್ ಡಬ್ಬಿ ಇಟ್ಟೀನಿ. ಎರಡು ಪ್ಯಾಡು, ಒಂದು ಚಡ್ಡಿ, ಒಂದು ಹಳೇ ಪೇಪರ್ ಹಾಳಿ, ಒಂದು ಪೆಪ್ಪರಮೆಂಟು. ಪೆಪ್ಪರಮೆಂಟು ಯಾಕ ಅಂದ್ರ ಡಬ್ಬಿ ಕೇಳಾಕ ಬಂದಾಕಿ "ಟೀಚರ್, ಪೆಪ್ಪರಮೆಂಟ್ ಬೇಕ್ರಿ" ಅಂದ್ರ ನನಗ ತಿಳೀತೈತಿ, ಹುಡುಗರಿಗೆ ತಿಳ್ಯಾಂಗಿಲ್ಲ.

ಮತ್ತ ಒಂದು ನೋಡೀನಿ. ದೊಡ್ಡ ಮೈಯ ಹುಡುಗಿಗೆ ಟೀಚರ್‌ಗೋಳೂ ಗೊತ್ತಿಲ್ದಂಗ ದೊಡ್ಡ ಕೆಲಸ ಹಚ್ಚತೀವಿ. ಸಣ್ಣವರನ್ನ ಸಂಭಾಳಸು, ನೀರ ತುಂಬು, ನೀ ದೊಡ್ಡಾಕಿ ಅದೀಯಲ್ಲ, ಅಳಬ್ಯಾಡ. ಆಕೀಗೂ ಒಂಬತ್ತ ವರ್ಷ, ಬಾಜೂಕ ಕುಂತಾಕಿಗೂ ಒಂಬತ್ತ. ಬಾಜೂದಾಕಿ ಅತ್ರ ಎತ್ತಿ ಮುದ್ದು ಮಾಡತೀವಿ. ಇದನ್ನ ನಾನೂ ಮಾಡೀನಿ.

ಮನಸ್ಸಿನ ತೊಂದ್ರಿ ಕಂಡ್ರ 14416ಕ್ಕ ಫೋನ್ ಹಚ್ಚರಿ, ಟೆಲಿ ಮಾನಸ್, ಕನ್ನಡದಾಗ ಮಾತಾಡತಾರ, ರೊಕ್ಕ ಇಲ್ಲ. ಮೈ ಮುಟ್ಟಿ ಕಾಡಿಸೂ ಮಂದಿ ಇದ್ರ 1098.


ಮಕ್ಕಳ_ಡಾಕ್ಟ್ರು · ಮಂಗಳವಾರ ರಾತ್ರಿ 9:15

ಟೀಚರ್ ಅವರ ಪೆಪ್ಪರಮೆಂಟು ನಾನು ಕದಿಯುತ್ತೇನೆ, ನಮ್ಮ ತಾಲ್ಲೂಕಿನ ಶಾಲೆಗಳಿಗೆ ಹೇಳಬೇಕು.

ಒಂದು ತಕರಾರು. ಎಲ್ಲರೂ ಸೇರಿ ಹಾರ್ಮೋನಿಗೆ ಕ್ಲೀನ್‌ಚಿಟ್ ಕೊಡುತ್ತಿದ್ದೀರಿ, ಅಷ್ಟು ಸುಲಭವಿಲ್ಲ. ಅಮೆರಿಕದ ನಾರ್ತ್ ಕೆರೊಲಿನಾದ ಬೆಟ್ಟದ ಸೀಮೆಯಲ್ಲಿ ಆಂಗೋಲ್ಡ್, ಕಾಸ್ಟೆಲೊ ಮತ್ತು ಸಂಗಡಿಗರು ಮಕ್ಕಳನ್ನು ವರ್ಷವರ್ಷವೂ ಪರೀಕ್ಷಿಸಿದರು. 1998ರಲ್ಲಿ ಅವರು ಹೇಳಿದ್ದು, ಹುಡುಗಿಯರಲ್ಲಿ ಖಿನ್ನತೆ ಏರುವುದು ವಯಸ್ಸಿನ ಲೆಕ್ಕದಲ್ಲಲ್ಲ, ದೇಹ ಪ್ರೌಢತೆಯ ನಡುಹಂತ ತಲುಪಿದ ಮೇಲೆ ಅಂತ. ಮರುವರ್ಷ ರಕ್ತದಲ್ಲಿನ ಹಾರ್ಮೋನನ್ನೂ ಸೇರಿಸಿ ನೋಡಿದರೆ, ಮೈಯ ಆಕಾರಕ್ಕಿಂತ ಈಸ್ಟ್ರೋಜನ್, ಟೆಸ್ಟೋಸ್ಟಿರಾನ್ ಪ್ರಮಾಣದ ಜೊತೆಗೇ ಹೆಚ್ಚು ಸಂಬಂಧ ಕಂಡಿತು. ಜನ ನೋಡುವ ರೀತಿಯೇ ಎಲ್ಲಕ್ಕೂ ಕಾರಣವಾಗಿದ್ದರೆ ಹಾಗಾಗಬಾರದಿತ್ತಲ್ಲ?


ಅಂಕಿ_ಅಂಶ · ಮಂಗಳವಾರ ರಾತ್ರಿ 10:20

ಒಪ್ಪಿದೆ ಡಾಕ್ಟ್ರೇ. ನಾನು ಹಾರ್ಮೋನನ್ನು ಪೂರ್ತಿ ಬಿಟ್ಟಿಲ್ಲ. ಆದರೆ ಆ ಅಧ್ಯಯನ ಹೇಳೋದು ಯಾವ ಹಂತದಲ್ಲಿ ಏರುತ್ತೆ ಅಂತ, ಬೇಗ ಆದವರಿಗೇ ಯಾಕೆ ಹೆಚ್ಚು ಅಂತ ಅಲ್ಲ. ಎಂಟಕ್ಕೆ ಆಗಲಿ ಹದಿಮೂರಕ್ಕೆ ಆಗಲಿ, ಆ ಹಾರ್ಮೋನ್ ಎಲ್ಲರಿಗೂ ಬಂದೇ ಬರುತ್ತೆ. ಹದಿಮೂರಕ್ಕೆ ಬಂದರೆ ಜೊತೆಗೆ ಗೆಳತಿಯರಿಗೂ ಬಂದಿರುತ್ತೆ, ಬೈಯ್ಯೋಕೆ ಅಳೋಕೆ ಮಾತು ಕಲಿತಿರ್ತಾಳೆ. ಎಂಟಕ್ಕೆ ಬಂದರೆ ಒಬ್ಬಳೇ.

ಇನ್ನೊಂದು ಗಂಟು ಇದೆ, ಅದನ್ನು ಯಾರೂ ಪೂರ್ತಿ ಬಿಚ್ಚಿಲ್ಲ. ಮನೆಯಲ್ಲಿ ಹೊಡೆತ, ಹಿಂಸೆ ಕಂಡ ಹುಡುಗಿಯರು ಸರಾಸರಿಯಲ್ಲಿ ಬೇಗ ಮೈನೆರೀತಾರೆ. ಅಂಥವರಿಗೆ ಖಿನ್ನತೆ ಬಂದರೆ ಬೇಗ ಆಗಿದ್ದಕ್ಕೆ ಬಂತು ಅನ್ನೋಣವೋ, ಹೊಡೆತಕ್ಕೆ ಬಂತು ಅನ್ನೋಣವೋ? (ಚಿತ್ರಾನ್ನ ಅವರೇ, ಇದು ನಿಮ್ಮ ಮನೆ ಬಗ್ಗೆ ಅಲ್ಲ. ಬೇಗ ಆದ ಎಲ್ಲ ಮಕ್ಕಳ ಮನೆಯಲ್ಲೂ ಏನೋ ಇದೆ ಅಂತ ದಯವಿಟ್ಟು ಯಾರೂ ತಿರುಗಿಸಿ ಓದಬೇಡಿ.)


ಬಂಟ್ವಾಳ_ಮಾಣಿ · ಬುಧವಾರ ಬೆಳಗ್ಗೆ 9:05

ಹುಡುಗರದ್ದು ಯಾರೂ ಮಾತಾಡುವುದಿಲ್ಲ ಮಾರಾಯ್ರೆ. ನಮಗೆ ಉಲ್ಟಾ. ಬೇಗ ಆದವ ರಾಜ, ತಡ ಆದವನ ಗತಿ ಕೇಳುವುದು ಬೇಡ.

ನನಗೆ ಹದಿನಾರು ಆದರೂ ಸ್ವರ ಒಡೆಯಲಿಲ್ಲ, ಮೀಸೆ ಇಲ್ಲ. ಶಾಲೆಯ ಯಕ್ಷಗಾನದಲ್ಲಿ ಪ್ರತಿ ವರ್ಷ ನನಗೆ ಸ್ತ್ರೀವೇಷ. ಐದನೇ ಕ್ಲಾಸಿನಲ್ಲಿ ಕೊಟ್ಟಾಗ ಖುಷಿಯೇ ಇತ್ತು, ಚಂದ ಮಾಡ್ತಿದ್ದೆ ಸಹ. ಹತ್ತನೇ ಕ್ಲಾಸಿನಲ್ಲೂ ಭಾಗವತರು "ಇವನೇ ಇದ್ದಾನಲ್ಲ" ಅಂದಾಗ ಚೌಕಿಯಲ್ಲಿ ಎಲ್ಲರೂ ನಕ್ಕರು. ನನ್ನ ಜೊತೆಯವ ಬಣ್ಣದ ವೇಷಕ್ಕೆ ಕೂತು ಆರ್ಭಟೆ ಕೊಡ್ತಿದ್ದ, ನಾನು ಕನ್ನಡಿ ಎದುರು ಮೂಗುತಿ ಅಂಟಿಸ್ತಿದ್ದೆ. ಮತ್ತೆ ವೇಷ ಕಟ್ಟಲೇ ಇಲ್ಲ. ಹಾಸ್ಟೆಲಿನಲ್ಲಿ ಸ್ನಾನಕ್ಕೆ ಬೆಳಗ್ಗೆ ನಾಲ್ಕಕ್ಕೆ ಎದ್ದು ಹೋಗ್ತಿದ್ದೆ, ಯಾರೂ ನೋಡಬಾರದು ಅಂತ. ಹದಿನೇಳಕ್ಕೆ ಎಲ್ಲ ಒಟ್ಟಿಗೆ ಬಂತು. ಅಪ್ಪನಿಗೂ ಹಾಗೆಯೇ ಆದದ್ದಂತೆ. ಅದನ್ನು ಅವರು ಹೇಳಿದ್ದು ನನ್ನ ಮದುವೆ ಆದ ಮೇಲೆ!


ಮಕ್ಕಳ_ಡಾಕ್ಟ್ರು · ಬುಧವಾರ ಮಧ್ಯಾಹ್ನ 1:30

ಮಾಣಿಯವರೇ, ನಿಮ್ಮಪ್ಪ ಆ ಒಂದು ಮಾತು ಮೊದಲೇ ಹೇಳಿದ್ದರೆ ನಾಲ್ಕು ಗಂಟೆ ಸ್ನಾನ ತಪ್ಪುತ್ತಿತ್ತು. ತಡವಾಗುವುದು ಬಹಳ ಮನೆಗಳಲ್ಲಿ ವಂಶದಿಂದ ಬರುತ್ತದೆ. ಹುಡುಗರಲ್ಲಿ 14 ತುಂಬಿದರೂ, ಹುಡುಗಿಯರಲ್ಲಿ 13 ತುಂಬಿದರೂ ಏನೂ ಶುರುವಾಗದಿದ್ದರೆ ಒಮ್ಮೆ ತೋರಿಸಿ.


ಅಂಕಿ_ಅಂಶ · ಬುಧವಾರ ಮಧ್ಯಾಹ್ನ 2:10

ಮಾಣಿ ಹೇಳಿದ್ದನ್ನೇ ಕ್ಯಾಲಿಫೋರ್ನಿಯಾದಲ್ಲಿ ಮೇರಿ ಕವರ್ ಜೋನ್ಸ್ 1950ರಲ್ಲೇ ಬರೆದಿದ್ದರು. ಓಕ್ಲೆಂಡಿನ ಹುಡುಗರಲ್ಲಿ ಬೇಗ ಬೆಳೆದವರು ಕ್ಲಾಸ್ ಲೀಡರ್, ಆಟದಲ್ಲಿ ಮುಂದು. ತಡವಾದವರು ಚಡಪಡಿಸ್ತಾ ಗಮನ ಸೆಳೆಯೋಕೆ ನೋಡೋರು. ಈಚಿನ ಅಧ್ಯಯನಗಳಲ್ಲಿ ಬೇಗ ಬೆಳೆದ ಹುಡುಗರಿಗೂ ತೊಂದರೆ ಕಾಣುತ್ತೆ, ಹಾಗಾಗಿ ರಾಜ ಅನ್ನೋದೂ ಪೂರ್ತಿ ನಿಜ ಅಲ್ಲ.

ಸ್ತ್ರೀವೇಷ ಬಿಟ್ಟಿದ್ದು ಮಾತ್ರ ನಷ್ಟ.


ಚಿತ್ರಾನ್ನ_ಪ್ರಿಯೆ · ಶನಿವಾರ ರಾತ್ರಿ 10:30

ಎಲ್ಲರಿಗೂ ಧನ್ಯವಾದ ಅಂದರೆ ಸಾಲದು. ಎಲ್ಲವನ್ನೂ ಎರಡೆರಡು ಸಲ ಓದಿದೆ. ದಾವಣಗೆರೆಯವರದ್ದನ್ನು ನನ್ನ ಗಂಡನಿಗೂ ಓದಿಸಿದೆ. ಅವರು ಏನೂ ಹೇಳಲಿಲ್ಲ. ಮರುದಿನ ಬೆಳಗ್ಗೆ ಮಗಳಿಗೆ ಜಡೆ ಹಾಕೋಕೆ ಕೂತರು. ಜಡೆ ಸೊಟ್ಟ ಬಂತು, ಅವಳು ಬೈದು ಬಿಚ್ಚಿಸಿ ಮತ್ತೆ ಹಾಕಿಸಿಕೊಂಡಳು.

ಮಗಳಿಗೆ ಗುರುವಾರ ಹೇಳಿದೆ. ಪುಸ್ತಕದ ಥರ ಕೂರಿಸಿ ಹೇಳಬೇಕು ಅಂದುಕೊಂಡಿದ್ದೆ, ಆಗಲಿಲ್ಲ. ಹುರುಳಿಕಾಯಿ ನಾರು ತೆಗೀತಾ ಹೇಳಿದೆ. ನಿನ್ನ ಮೈ ಸ್ವಲ್ಪ ಅವಸರ ಮಾಡ್ತಿದೆ, ನೀನು ಅವಸರ ಮಾಡಬೇಕಿಲ್ಲ ಅಂದೆ. ಇನ್ನೊಂದೆರಡು ವರ್ಷಕ್ಕೆ ರಕ್ತ ಬರುತ್ತೆ, ಏಟಾಗಿದ್ದಕ್ಕಲ್ಲ ಅಂತಲೂ ಹೇಳಿದೆ. ಅವಳ ಮೊದಲ ಪ್ರಶ್ನೆ, "ಅವತ್ತು ಸ್ಕೂಲಿಗೆ ರಜಾನಾ?" ಎರಡನೇದು, "ಅಪ್ಪಂಗೂ ಬರುತ್ತಾ?" ಸ್ವಲ್ಪ ಹೊತ್ತು ಬಿಟ್ಟು ಮೂರನೇದು ಬಂತು: "ಅಜ್ಜಿ ಯಾಕೆ ನನ್ನ ಮೇಲೆ ಸಿಟ್ಟಾಗಿದ್ದಾರೆ?" ಅಲ್ಲಿ ನನಗೆ ಗಂಟಲು ಕಟ್ಟಿತು. ನಾವು ಯಾರೂ ಅವಳ ಮೇಲೆ ಸಿಟ್ಟಾಗಿರಲಿಲ್ಲ, ಅವಳಿಗೆ ಮಾತ್ರ ಹಾಗೇ ಕಂಡಿತ್ತು.

ಅತ್ತೆಗೆ ಸರೋಜತ್ತೆ ಹೇಳಿಕೊಟ್ಟ ಹಾಗೇ ಹೇಳಿದೆ. ಹದಿಮೂರಾಗಲಿ ಅಂತ. ಜೊತೆಗೆ ನೀವು ಯಾವಾಗ ಆದಿರಿ ಅಂತಲೂ ಕೇಳಿದೆ. ಹದಿನೇಳು ವರ್ಷ ಅವರ ಸೊಸೆಯಾಗಿದ್ದು ಕೇಳಿದ ಮೊದಲ ಸಲ. ಹತ್ತಕ್ಕೆ ಅಂದರು! ಹತ್ತಕ್ಕೆ ಆಗಿ, ಶಾಲೆ ಬಿಡಿಸಿ, ಆಚೆ ಬಿಡದೆ ಕೂರಿಸಿದ್ದರಂತೆ. "ನಾನು ಚೆನ್ನಾಗೇ ಇಲ್ವಾ?" ಅಂದರು. ನಾನು ಉತ್ತರ ಕೊಡಲಿಲ್ಲ. ಅವರೂ ಎದ್ದು ದೇವರ ಮನೆಗೆ ಹೋದರು.

ಆಟ ಇನ್ನೂ ಪೂರ್ತಿ ಇತ್ಯರ್ಥ ಆಗಿಲ್ಲ. ಸದ್ಯಕ್ಕೆ ಏಳು ಗಂಟೆವರೆಗೆ ಅಂತ ಒಪ್ಪಂದ, ಅತ್ತೆ ಕೆಳಗೆ ಕುರ್ಚಿ ಹಾಕಿಕೊಂಡು ಕಾವಲು. ನಿನ್ನೆ ಚೆಂಡು ಉರುಳಿ ಕುರ್ಚಿ ಕೆಳಗೆ ಹೋದಾಗ ಅವರೇ ಎತ್ತಿ ಎಸೆದರಂತೆ, ಗುರಿ ತಪ್ಪಿ ಸೆಕ್ಯುರಿಟಿಯವರ ಚಹಾ ಚೆಲ್ಲಿದೆ.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಅವಳಿಗೆ ಶಮೀಜಿನ ಹೊಲಿಗೆ ಎದೆಗೆ ಉಜ್ಜಿ ನೋಯುತ್ತಂತೆ. ಒಳಗಡೆ ಹೊಲಿಗೆ ತಾಗದ ಥರದ್ದು ಚಿಕ್ಕ ಸೈಜಿನಲ್ಲಿ ಸಿಗುತ್ತಾ?


ಧಾರವಾಡದ_ಟೀಚರ್ · ಶನಿವಾರ ರಾತ್ರಿ 10:44

ಉಲ್ಟಾ ಮಾಡಿ ಹಾಕಸರಿ, ಹೊಲಿಗಿ ಹೊರಗ ಬರತೈತಿ. ಮ್ಯಾಲೆ ಯೂನಿಫಾರ್ಮ್ ಇರತೈತಲ್ಲ, ಯಾರಿಗೂ ಕಾಣಂಗಿಲ್ಲ.


ಚಿತ್ರಾನ್ನ_ಪ್ರಿಯೆ · ಶನಿವಾರ ರಾತ್ರಿ 10:46

ಅಯ್ಯೋ ಹೌದಲ್ವಾ!